ಗೇನ್ ಏರಿಸುವ ಮುಂಚೆ

ಪ್ರಶ್ನೆ: ಮೆಟಲ್ ಬ್ಯಾಂಡ್ ಡ್ರೀಮ್ ಥಿಯೇಟರ್‌ನ ಗಿಟಾರಿಸ್ಟ್ ಜಾನ್ ಪೆಟ್ರೂಚಿ ಥರ ನುಡಿಸೋಣ ಅಂತ ಆಂಪ್‌ನ (ಗಿಟಾರ್ ಸದ್ದು ಹೆಚ್ಚಿಸುವ ಪೆಟ್ಟಿಗೆ) ಗೇನ್, ಅಂದ್ರೆ ಸದ್ದನ್ನು ಒರಟಾಗಿಸುವ ಗುಂಡಿ, ಪೂರ್ತಿ ಏರಿಸಿದ್ದೇನೆ. ವೇಗದ ಭಾಗವೆಲ್ಲ ಕಲಸುಮೇಲೋಗರ! ಅವರ ಗಿಟಾರೇ ಬೇಕಾ?

ಉತ್ತರ: ಬೇಡ ಮಾರಾಯರೇ. ಇದೇ ತಪ್ಪು ಮಾಡಿ ನಾನೂ ಮನೆಯಲ್ಲಿ ಬೈಸಿಕೊಂಡಿದ್ದೇನೆ. ಮೊದಲು ಗೇನ್ ಇಳಿಸಿ. ಅವರ ಗಿಟಾರ್ ಮ್ಯೂಸಿಕ್ ಮ್ಯಾನ್ ಕಂಪನಿಯದು. ಆಂಪ್ ಮೆಸಾ ಬೂಗಿ ಕಂಪನಿಯ ಜೆಪಿ-2ಸಿ, 2016ರಲ್ಲಿ ಬಂದದ್ದು. ಅದರಲ್ಲಿ ತಗ್ಗು, ನಡು, ಎತ್ತರದ ಸದ್ದನ್ನು ಬೇರೆಬೇರೆಯಾಗಿ ಏರಿಳಿಸುವ ಐದು ಸ್ಲೈಡರ್‌ಗಳ ಈಕ್ವಲೈಸರ್ ಇದೆ. ನಡುವಿನ 750 ಹರ್ಟ್ಜ್ ತಗ್ಗಿಸಿದರೆ ಸದ್ದು ಬಿಗಿಯಾಗುತ್ತದೆ. ಆದರೆ ನೀವು ಮಿಡ್ (ಈ ನಡುವಿನ ಸದ್ದು) ಜಾಸ್ತಿ ಇಳಿಸಬೇಡಿ, ಡ್ರಮ್ಸ್ ನಡುವೆ ಗಿಟಾರ್ ಕಾಣೆಯಾಗುತ್ತದೆ.

ಉಳಿದದ್ದು ಬಲಗೈ, ಅಲ್ವಾ? ಪಿಕ್ (ತಂತಿ ಮೀಟುವ ಚಿಕ್ಕ ಬಿಲ್ಲೆ) ಒಮ್ಮೆ ಕೆಳಗೆ, ಒಮ್ಮೆ ಮೇಲೆ. ತುದಿ ಮಾತ್ರ ತಂತಿಗೆ ತಾಗಬೇಕು. ಅಂಗೈ ಅಂಚು ಬ್ರಿಡ್ಜ್ (ಗಿಟಾರ್ ಮೈಮೇಲೆ ತಂತಿಗಳು ಕೂರುವ ಪಟ್ಟಿ) ಮೇಲೆ. ತಾಳ ಹಾಕುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು ಶುರು ಮಾಡಿ. ಒಂದೇ ಸಾಲಿಗೆ ನಾನು ಮೂರು ವಾರ ಕೂತಿದ್ದೆ.