ಮಾನಸಗಂಗೋತ್ರಿಯ ಆ ಅರಮನೆ ಯಾರದ್ದು?

ನೀವು ಕೇಳಿರೋದು ಮೈಸೂರು ಯೂನಿವರ್ಸಿಟಿ ಕ್ಯಾಂಪಸ್ಸಲ್ಲಿರೋ ಜಯಲಕ್ಷ್ಮಿ ವಿಲಾಸ ಮೊದಲಿಂದ್ಲೂ ಕಾಲೇಜ್ ಕಟ್ಟಡಾನಾ ಅಂತ ಅಲ್ವಾ. ಅಲ್ಲ, ಅದು ಮನೆ. ನಾನು ಅಲ್ಲೇ ಎಂ.ಎ. ಓದಿದ್ದು, ಎರಡು ವರ್ಷ ದಿನಾ ಅದರ ಮುಂದೇನೇ ಓಡಾಡಿದೀನಿ.

ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ಅಕ್ಕ ಜಯಲಕ್ಷಮ್ಮಣ್ಣಿಯವರಿಗೆ ಅಂತ 1905ರಲ್ಲಿ ಕುಕ್ಕರಹಳ್ಳಿ ಕೆರೆ ಪಕ್ಕದ ದಿಣ್ಣೆ ಮೇಲೆ ಕಟ್ಟಿಸಿದ್ದು. ಅವರ ಯಜಮಾನರು ಕಾಂತರಾಜ ಅರಸು, ಆಮೇಲೆ ಮೈಸೂರಿನ ದಿವಾನರೂ ಆದವರು. 1959ರಲ್ಲಿ ಇದು ಯೂನಿವರ್ಸಿಟಿ ಕೈಗೆ ಬಂತು, ಆಗ ಕುವೆಂಪು ವೈಸ್ ಚಾನ್ಸಲರ್, ಈ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರೂ ಅವರೇ.

ಕಟ್ಟಡ ನೋಡೋಕೆ ಹೋದ್ರೆ ಮೊದಲು ಹೊರಗೇ ಸ್ವಲ್ಪ ಹೊತ್ತು ನಿಂತ್ಕೊಳ್ಳಿ. ಜೋಡಿ ಜೋಡಿ ಕಂಬಗಳು ಪಕ್ಕಾ ಯೂರೋಪಿನವು, ಕೊರಿಂಥಿಯನ್, ಅಯಾನಿಕ್ ಅನ್ನೋ ಹಳೇ ಗ್ರೀಕ್ ಶೈಲಿಗಳು ಎರಡೂ ಸೇರಿವೆ, ಆದ್ರೆ ತಲೆಯೆತ್ತಿ ಮೇಲಿನ ತ್ರಿಕೋನದಲ್ಲಿ ನೋಡಿದ್ರೆ ನಮ್ಮ ಗಜಲಕ್ಷ್ಮಿ ಕೂತಿದಾಳೆ! ಒಳಗೆ ಕಲ್ಯಾಣ ಮಂಟಪ, ಅದರ ಮೇಲೆ ಎಂಟು ಮೂಲೆಯ ಗೋಪುರ, ಬಣ್ಣದ ಗಾಜು. ಮರದ ಕೆತ್ತನೆಯಂತೂ ಬಾಗಿಲು ಬಾಗಿಲಿಗೂ ನಿಂತು ನೋಡೋಹಾಗಿದೆ. ನನಗೆ ಅರ್ಧ ದಿನ ಬರೀ ಬಾಗಿಲು ನೋಡೋದ್ರಲ್ಲೇ ಹೋಗಿತ್ತು.

ಆದ್ರೆ ನಿಜವಾಗ್ಲೂ ದೊಡ್ಡ ವಿಷಯ ಅಂದ್ರೆ ಈ ಮನೆಯೊಳಗೆ ಆಮೇಲೆ ಬಂದಿದ್ದು ಏನು ಅನ್ನೋದು. ವಿದ್ವಾಂಸರಾದ ದೇಜಗೌ (ದೇ. ಜವರೇಗೌಡ), ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಇವರೆಲ್ಲ ಸೇರಿ ಜಾನಪದ ವಸ್ತುಸಂಗ್ರಹಾಲಯ ಮಾಡಿದ್ರು, ಹಳ್ಳಿ ಹಳ್ಳಿಯಿಂದ ಸಾವಿರಾರು ಸಾಮಾನು ಬಂದು ಸೇರ್ತು. ಸೋಮನ ಕುಣಿತದ ಮುಖ, ತೊಗಲುಗೊಂಬೆ, ಯಕ್ಷಗಾನದ ವೇಷ, ನೇಗಿಲು, ಬುಟ್ಟಿ. ರಾಜಕುಮಾರಿ ಮನೇಲಿ ನಮ್ಮಜ್ಜಿ ಅಡುಗೆಮನೇಲಿದ್ದಂಥದೇ ಒಂದು ಬೀಸೋಕಲ್ಲು ನೋಡಿದಾಗ ನನಗೆ ಗಂಟಲು ಕಟ್ಟಿತ್ತು, ಅದರ ಗೂಟ ಕೈ ತಾಗಿ ತಾಗಿ ನುಣ್ಣಗಾಗಿತ್ತು.

ಮರ, ಇಟ್ಟಿಗೆ, ಗಾರೆಯ ಕಟ್ಟಡ ಅಂದ್ಮೇಲೆ ನೀರು ಇಳಿದ್ರೆ ಮುಗೀತು, ನಡುವೆ ತುಂಬಾ ಹಾಳಾಗಿತ್ತು, 2000ದ ದಶಕದಲ್ಲಿ ಇನ್ಫೋಸಿಸ್ ಫೌಂಡೇಶನ್ ದುಡ್ಡು ಕೊಟ್ಟು ರಿಪೇರಿ ಆಯ್ತು. ಈ ಥರ ಕಟ್ಟಡದ ಕೆಲಸ ಒಂದ್ಸಲಕ್ಕೆ ಮುಗಿಯೋದಲ್ಲ, ಹಾಗಾಗಿ ಹೊರಡೋ ಮುಂಚೆ ಯಾವ ಭಾಗ ತೆರೆದಿದೆ ಅಂತ ವಿಚಾರಿಸ್ಕೊಂಡು ಹೋಗಿ.