ಸ್ಟ್ರೋಕ್ ಆಗಿ ಬಿಗಿದುಕೊಂಡ ಕೈಗೆ ಬೊಟಾಕ್ಸ್ ಹಾಕಿಸಬಹುದಾ?

ತಂದೆಗೆ ಸ್ಟ್ರೋಕ್ ಆಗಿ ಏಳು ತಿಂಗಳಾಯಿತು, ಎಡಗೈ ಮುಷ್ಟಿ ಬಿಚ್ಚುತ್ತಿಲ್ಲ, ಡಾಕ್ಟರು ಬೊಟಾಕ್ಸ್ ಅಂದಿದ್ದಾರೆ, "ಅದು ವಿಷ ಅಂತಾರಲ್ಲ, ಸೇಫಾ?" ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ. ನಮ್ಮ ಅಮ್ಮನಿಗೆ ಮೂರು ಸಲ ಹಾಕಿಸಿದ್ದೇವೆ, ಅಷ್ಟೇ.

ವಿಷ ಅನ್ನೋದು ನಿಜ. ಒಂದು ಬ್ಯಾಕ್ಟೀರಿಯಾದ ವಿಷವೇ ಅದು. ತೀರಾ ಚೂರು ಪ್ರಮಾಣದಲ್ಲಿ ಸ್ನಾಯುವಿಗೆ ಹಾಕಿದರೆ ನರ ಕಳಿಸುವ ಸಂದೇಶ ತಡೆದು, ಬಿಗಿತ ಸಡಿಲವಾಗುತ್ತದೆ. ಅಮ್ಮನ ಉಗುರು ಅಂಗೈಗೇ ಚುಚ್ಚಿ ಗಾಯವಾಗಿತ್ತು. ಒಳಗೆ ಬೆವರು, ವಾಸನೆ. ತೊಳೆಯೋಣ ಅಂದರೆ ಬೆರಳೇ ಬಿಚ್ಚದು. ಬಿಗಿತ ಇಳಿಸುವ ಬ್ಯಾಕ್ಲೋಫೆನ್ ಮಾತ್ರೆ ಕೊಟ್ಟರೆ ದಿನವಿಡೀ ತೂಕಡಿಕೆ.

ನನಗೆ ಸೂಜಿಗಿಂತ ಭಯ ಆಗಿದ್ದು ಔಷಧಿ ನಮ್ಮ ಕೈಗೆ ಬರುವ ದಾರಿ. ಎರಡನೇ ಸಲ ಮೆಡಿಕಲ್ ಶಾಪಿನ ಹುಡುಗ ಸೀಸೆಯನ್ನು ಬರೀ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟ. ಐಸ್ ಪ್ಯಾಕ್ ಎಲ್ಲಿ ಅಂದರೆ "ಆಸ್ಪತ್ರೆ ಇಲ್ಲೇ ಅಲ್ವಾ ಮೇಡಂ" ಅಂದ. ತಗೊಳ್ಳಲಿಲ್ಲ. ಅದು 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು.

ಸೀಸೆ ನೋಡಿದರೆ ಖಾಲಿ ಅನಿಸುತ್ತದೆ, ತಳದಲ್ಲಿ ತೆಳ್ಳಗೆ ಬಿಳಿ ಪದರ ಮಾತ್ರ. ಡಾಕ್ಟರು ಸೂಜಿ ಚುಚ್ಚಿದ್ದೇ ತಡ, ಸಿರಿಂಜಿನ ಸಲೈನನ್ನು ಸೀಸೆ ತಾನೇ ಎಳೆದುಕೊಂಡಿತು. ಒಳಗೆ ಗಾಳಿ ತೆಗೆದಿರುತ್ತಾರಂತೆ. ಹಾಗೆ ಎಳೆದುಕೊಳ್ಳದಿದ್ದರೆ ಆ ಸೀಸೆ ಬಿಸಾಡಬೇಕು. ಕಲಸಿದ್ದನ್ನು 24 ಗಂಟೆಯೊಳಗೆ ಬಳಸಬೇಕು, ಅದೂ ಒಬ್ಬರಿಗೇ. "ಇನ್ನೊಬ್ಬರದ್ದು ಉಳಿದಿದೆ, ಕಮ್ಮಿಗೆ ಹಾಕ್ತೀವಿ" ಅಂದರೆ ಬೇಡ ಅನ್ನಿ.

ಬ್ರ್ಯಾಂಡ್ ಹೆಸರು ಮತ್ತು ಎಷ್ಟು ಯುನಿಟ್ ಅಂತ ಪ್ರತಿ ಸಲ ಬರೆಸಿಕೊಳ್ಳಿ. ಬೊಟಾಕ್ಸಿನ 100 ಯುನಿಟ್ಟೂ ಅದೇ ಬಗೆಯ ಇನ್ನೊಂದು ಬ್ರ್ಯಾಂಡ್ ಡಿಸ್ಪೋರ್ಟಿನ 100 ಯುನಿಟ್ಟೂ ಒಂದೇ ಅಲ್ಲ. ಹೆಸರು ಬದಲಾಗಿ ಲೆಕ್ಕ ಹಳೆಯದೇ ಉಳಿದರೆ ಡೋಸ್ ಎಡವಟ್ಟಾಗುತ್ತದೆ. ದೊಡ್ಡವರಿಗೆ ಬೊಟಾಕ್ಸ್ ಮೂರು ತಿಂಗಳಲ್ಲಿ ಒಟ್ಟು 400 ಯುನಿಟ್ ದಾಟಬಾರದು.

ತಂದೆಯವರ ಮಾತ್ರೆಗಳನ್ನೆಲ್ಲ ಚೀಲ ಸಮೇತ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಡಾಕ್ಟರಿಗೆ ಗೊತ್ತಿರಲಿ, ಆದರೆ ನೀವಾಗಿ ನಿಲ್ಲಿಸಬೇಡಿ. (ನಾವು ನಿಲ್ಲಿಸೋಣ ಅಂತಿದ್ದೆವು, ಬೈಸಿಕೊಂಡೆವು.) ಸ್ನಾಯು ಬೇಗ ಸೋಲುವ ಮಯಸ್ತೇನಿಯಾ ಕಾಯಿಲೆ ಇದ್ದರೆ, ನುಂಗಲು ಈಗಲೇ ಕಷ್ಟ ಇದ್ದರೆ, ಜೆಂಟಮೈಸಿನ್ ಅಥವಾ ಅಮಿಕಾಸಿನ್ ಅನ್ನೋ ಆ್ಯಂಟಿಬಯಾಟಿಕ್ ಇಂಜೆಕ್ಷನ್ ನಡೆಯುತ್ತಿದ್ದರೆ ಮೊದಲೇ ಹೇಳಲೇಬೇಕು.

ಹಾಕಿಸಿದ ಮೇಲೆ ಊಟದ ಹೊತ್ತಿಗೆ ಗಮನ ಇಡಿ. ಅಪರೂಪಕ್ಕೆ ಔಷಧಿ ಬೇರೆ ಸ್ನಾಯುಗಳಿಗೂ ಹರಡುತ್ತದೆ. ನೀರು ಕುಡಿದರೆ ಕೆಮ್ಮು, ದನಿ ಬದಲಾಗುವುದು, ರೆಪ್ಪೆ ಜೋಲುವುದು, ಉಸಿರಾಟಕ್ಕೆ ಕಷ್ಟ, ಇದರಲ್ಲಿ ಯಾವುದು ಕಂಡರೂ ತಕ್ಷಣ ಎಮರ್ಜೆನ್ಸಿಗೆ ಹೋಗಿ. ಇದು ಕೆಲವು ಗಂಟೆಯಲ್ಲೂ ಆಗಬಹುದು, ವಾರಗಳ ನಂತರವೂ ಆಗಬಹುದು. 2009ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನೇ ಲೇಬಲ್ಲಿನಲ್ಲಿ ದೊಡ್ಡದಾಗಿ ಹಾಕಿಸಿತು.

ಮರುದಿನವೇ ಕೈ ಬಿಚ್ಚಲಿಲ್ಲ ಅಂತ ಬೇಜಾರಾಗಬೇಡಿ. ಅಮ್ಮನಿಗೆ ಹತ್ತು ದಿನ ಹಿಡಿಯಿತು. ಬಿಗಿತ ಹೋಯಿತು, ಶಕ್ತಿ ಏನೂ ವಾಪಸ್ ಬರಲಿಲ್ಲ. ಲೋಟ ಹಿಡಿಯಲು ಈಗಲೂ ಆಗಲ್ಲ. ಆದರೆ ಫಿಸಿಯೋ ಮಾಡಿಸಿದ್ದಕ್ಕೆ ಬೆರಳು ಚಾಚಿಕೊಂಡವು, ಕಿರುಬೆರಳಿನ ಉಗುರು ಕತ್ತರಿಸಲು ಆಯಿತು. ಹತ್ತನೇ ವಾರಕ್ಕೆ ಮತ್ತೆ ಮಡಚತೊಡಗಿದಾಗ "ಬೇಗ ಹಾಕಿಸೇ" ಅಂತ ಅಮ್ಮ ಹಟ ಹಿಡಿದಳು. 12 ವಾರ ಆಗದೆ ಸೂಜಿ ಮುಟ್ಟಲ್ಲ ಅಂದರು ಡಾಕ್ಟರು. ಆ ಎರಡು ವಾರ ಅಂಗೈಯಲ್ಲಿ ಹತ್ತಿ ಬಟ್ಟೆ ಸುರುಳಿ ಸುತ್ತಿಟ್ಟೆವು.