ದೈವಕ್ಕೆ ಹಿಟ್ ಪಾಯಿಂಟ್ ಕೊಟ್ಟ ಮೇಲೆ

ನಿಮ್ಮ ಪ್ರಶ್ನೆ ಇಷ್ಟು: ಇಬ್ಬರು ಸೇರಿ ಟೇಬಲ್‌ಟಾಪ್ ರೋಲ್ ಪ್ಲೇಯಿಂಗ್ ಆಟಗಳ (ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಆಡುವ ಆಟ) ಪುಸ್ತಕ ತರುತ್ತಿದ್ದೀರಿ. ಹೊಸ ಅಡ್ವೆಂಚರ್‌ನಲ್ಲಿ ತುಳುನಾಡಿನ ದೈವ ಪಂಜುರ್ಲಿಯನ್ನು ಹೋಲುವ ಒಂದು ಭೂತವಿದೆ, ಅದಕ್ಕೆ ಹಿಟ್ ಪಾಯಿಂಟ್ (ಎಷ್ಟು ಏಟು ತಿಂದರೆ ಸಾಯುತ್ತದೆ ಅನ್ನುವ ಅಂಕಿ) ಕೊಟ್ಟಿದ್ದೀರಿ, ಆಟಗಾರರು ಅದನ್ನು ಹೊಡೆದು ಕೊಲ್ಲಬೇಕು. ಚಿತ್ರ ಹೊರಬಿದ್ದ ಕೂಡಲೇ ಕರಾವಳಿಯವರು ಸಿಟ್ಟಾಗಿದ್ದಾರೆ. ಕ್ಷಮೆ ಕೇಳಬೇಕಾ, ಸುಮ್ನಿರಬೇಕಾ?

ನಾನೂ ಇಂಥದ್ದೇ ಸಣ್ಣ ಪ್ರಕಾಶನ ನಡೆಸುವವ. ನನ್ನ ಪ್ರಕಾರ ಎರಡೂ ಆಮೇಲಿನ ಮಾತು. ಮೊದಲು ಆ ಪುಸ್ತಕವನ್ನು ಏನು ಮಾಡುತ್ತೀರಿ ಅಂತ ನೀವಿಬ್ಬರೂ ಕೂತು ತೀರ್ಮಾನಿಸಿ. ಮಾರಾಟ ನಿಲ್ಲಿಸುತ್ತೀರಾ, ತಿದ್ದುತ್ತೀರಾ, ಹಾಗೇ ಬಿಡುತ್ತೀರಾ? ಅದು ಗೊತ್ತಿಲ್ಲದೆ ಬರೆದ ಹೇಳಿಕೆಯನ್ನು ನಾಳೆ ನೀವೇ ತಿದ್ದಬೇಕಾಗುತ್ತದೆ.

ದೊಡ್ಡವರ ಕಥೆ ನೋಡಿ. 2023ರ ಜನವರಿಯಲ್ಲಿ ಈ ಬಗೆಯ ಆಟಗಳಲ್ಲೇ ಹೆಸರುವಾಸಿಯಾದ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುವ ವಿಝರ್ಡ್ಸ್ ಆಫ್ ದಿ ಕೋಸ್ಟ್‌ನ ಹೊಸ ಲೈಸೆನ್ಸ್ ಕರಡು ಸೋರಿಹೋಯಿತು. 2000ದಿಂದ ನಮ್ಮಂಥ ಸಣ್ಣವರು ನಂಬಿಕೊಂಡು ಬಂದಿದ್ದ, ಆ ಆಟದ ನಿಯಮ ಬಳಸಿ ಬೇರೆಯವರೂ ಪುಸ್ತಕ ತರಲು ಅನುಮತಿ ಕೊಡುವ ಓಪನ್ ಗೇಮ್ ಲೈಸೆನ್ಸನ್ನೇ ರದ್ದು ಮಾಡುವ ಮಾತು ಅದರಲ್ಲಿತ್ತು. ವರ್ಷದ ವ್ಯಾಪಾರ 7.5 ಲಕ್ಷ ಡಾಲರ್ ದಾಟಿದವರಿಂದ ಅದರ ಮೇಲಿನ ದುಡ್ಡಿಗೆ 25%ವರೆಗೆ ರಾಯಲ್ಟಿ ಕೇಳುವ ಯೋಚನೆಯೂ ಇತ್ತು. ಒಂದು ವಾರಕ್ಕೂ ಜಾಸ್ತಿ ಹೊತ್ತು ತಗೊಂಡು ಒಂದು ಹೇಳಿಕೆ ಕೊಟ್ಟರು. ಜನರೂ ಗೆದ್ದರು, ನಾವೂ ಗೆದ್ದೆವು ಅನ್ನುವ ಧಾಟಿಯಲ್ಲಿತ್ತು ಅದು. ಬೆಂಕಿ ಇನ್ನೂ ಜಾಸ್ತಿಯಾಯಿತು. ಕೊನೆಗೆ ಜನವರಿ 27ರಂದು ಹಳೇ ಲೈಸೆನ್ಸನ್ನು ಮುಟ್ಟುವುದಿಲ್ಲ ಅಂದು, ಆಟದ ಮೂಲ ನಿಯಮಗಳನ್ನು ಯಾರು ಬೇಕಾದರೂ ಬಳಸಲು ಬಿಡುವ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟುಕೊಟ್ಟ ಮೇಲೆಯೇ ಗಲಾಟೆ ತಣ್ಣಗಾಗಿದ್ದು.

ನಿಮ್ಮ ಪ್ರಕರಣಕ್ಕೆ ಹತ್ತಿರದ್ದು 2018ರದ್ದು. ವ್ಯಾಂಪೈರ್ ಅನ್ನುವ ಆಟದ ಒಂದು ಪುಸ್ತಕದಲ್ಲಿ ಅದರ ಪ್ರಕಾಶಕರಾದ ವೈಟ್ ವುಲ್ಫ್‌ನವರು ರಷ್ಯಾದ ಚೆಚೆನ್ಯಾದಲ್ಲಿ ಸಲಿಂಗಿಗಳ ಮೇಲೆ ಆಗ ನಡೆಯುತ್ತಿದ್ದ ದೌರ್ಜನ್ಯವನ್ನು ರಕ್ತಪಿಶಾಚಿಗಳ ಸಂಚಿನ ಕಥೆಯೊಳಗೆ ಎಳೆದು ತಂದಿದ್ದರು. ನಿಜವಾಗಿ ಸಾಯುತ್ತಿರುವವರು ಕಥೆಗೆ ಮಸಾಲೆಯಾದರಲ್ಲ ಅಂತ ಜನ ಕೆರಳಿದರು. ಮಾಲೀಕರಾದ ಸ್ವೀಡನ್ನಿನ ಪ್ಯಾರಡಾಕ್ಸ್‌ನವರು ಆ ಭಾಗ ತೆಗೆಯುವವರೆಗೆ ಮಾರಾಟ ನಿಲ್ಲಿಸಿದರು. ವೈಟ್ ವುಲ್ಫ್ ಇನ್ನು ಪ್ರತ್ಯೇಕ ಸಂಸ್ಥೆಯಾಗಿ ಇರುವುದಿಲ್ಲ ಅಂತಲೂ ಹೇಳಿದರು. ಕ್ಷಮೆಯ ಜೊತೆಗೆ ಏನು ಮಾಡುತ್ತೇವೆ ಅನ್ನುವುದೂ ಇತ್ತು. ಅದಕ್ಕೇ ಆ ಮಾತಿಗೆ ತೂಕ ಬಂತು.

ಈಗ ನಿಮ್ಮ ಭೂತದ ವಿಷಯ. ದೇವರಿಗೆ ಹಿಟ್ ಪಾಯಿಂಟ್ ಕೊಡುವುದು ಈ ಆಟಗಳಲ್ಲಿ ಹಳೇ ಚಾಳಿ. 1980ರಲ್ಲಿ, ಆಗ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸುತ್ತಿದ್ದ ಟಿಎಸ್‌ಆರ್ ತಂದ ಡೀಟೀಸ್ ಅಂಡ್ ಡೆಮಿಗಾಡ್ಸ್ ಪುಸ್ತಕದಲ್ಲಿ ಇಂದ್ರ, ಅಗ್ನಿ, ಕಾಳಿ ಎಲ್ಲರಿಗೂ ಅಂಕಿ ಹಾಕಿಟ್ಟಿದ್ದಾರೆ. ಅವರು ಮಾಡಿದ್ದರಲ್ಲ ಅನ್ನುವ ವಾದ ನಿಮ್ಮನ್ನು ಉಳಿಸುವುದಿಲ್ಲ. ತುಳುನಾಡಿನಲ್ಲಿ ದೈವ ಹಳೇ ಕಥೆಯಲ್ಲ. ಮನೆಮನೆಯಲ್ಲಿ ತಂಬಿಲ (ದೈವಕ್ಕೆ ಸಲ್ಲಿಸುವ ಪೂಜೆ) ನಡೆಯುತ್ತದೆ, ದೈವದ ವೇಷ ಕಟ್ಟಿ ನಡೆಸುವ ಆರಾಧನೆಯಾದ ಕೋಲದಲ್ಲಿ ದೈವ ಹೇಳಿದ ನುಡಿಗೆ ಕುಟುಂಬಗಳು ಇಂದಿಗೂ ತಲೆಬಾಗುತ್ತವೆ. ವೇದಿಕೆಯಲ್ಲಿ, ರೀಲ್ಸ್‌ನಲ್ಲಿ ದೈವದ ವೇಷ ಹಾಕಿ ಕುಣಿಯುವವರನ್ನು ನೋಡಿ ನೋಡಿ ಅವರಿಗೆ ಮೊದಲೇ ಸಾಕಾಗಿದೆ. ನಾನಾಗಿದ್ದರೆ ಇವತ್ತೇ ಮಾರಾಟ ನಿಲ್ಲಿಸಿ, ಆ ಭೂತವನ್ನು ತೆಗೆದು, ಯಾರ ನಂಬಿಕೆಗೂ ಸೇರದ ಪ್ರಾಣಿ ಹಾಕುತ್ತಿದ್ದೆ. ಅಣಿ (ಬೆನ್ನಿಗೆ ಕಟ್ಟುವ ಅಲಂಕಾರ), ಮುಖವಾಡ, ಗಗ್ಗರ (ಕಾಲಿನ ಗೆಜ್ಜೆ) ಏನೂ ಉಳಿಯಬಾರದು. ಹೆಸರು ಮಾತ್ರ ಬದಲಿಸಿ ಚಿತ್ರ ಉಳಿಸಿಕೊಂಡರೆ ಅದು ಇನ್ನೂ ಕೆಟ್ಟದ್ದು.

ಪಿಡಿಎಫ್ ಬದಲಿಸುವುದು ಸುಲಭ, ಕೊಂಡವರು ಮತ್ತೆ ಡೌನ್‌ಲೋಡ್ ಮಾಡಿಕೊಳ್ಳಬಹುದು. ಅಚ್ಚಾಗಿ ಮನೆಯಲ್ಲಿ ಬಿದ್ದಿರುವ ಪ್ರತಿಗಳೇ ತಲೆನೋವು. ಆ ನಷ್ಟ ಎಷ್ಟು ಅಂತ ಲೆಕ್ಕ ಹಾಕದೆ ಎಲ್ಲ ವಾಪಸ್ ತಗೋತೀವಿ ಅಂತ ಬರೆದುಬಿಡಬೇಡಿ.

ಆರೋಪ ಸುಳ್ಳಾಗಿದ್ದರೆ ಕ್ಷಮೆ ಯಾಕೆ ಕೇಳಬೇಕು ಅಂತ ನಿಮ್ಮ ಜೊತೆಗಾರರು ಕೇಳಿದ್ದಾರಂತೆ. ಕೇಳಬೇಕಿಲ್ಲ. 1990ರ ಮಾರ್ಚ್ 1ರಂದು ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಗಳಲ್ಲೊಂದಾದ ಸೀಕ್ರೆಟ್ ಸರ್ವಿಸ್‌ನವರು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಸ್ಟೀವ್ ಜಾಕ್ಸನ್ ಗೇಮ್ಸ್ ಅನ್ನುವ ಸಣ್ಣ ಪ್ರಕಾಶನದ ಮೇಲೆ ದಾಳಿ ಮಾಡಿ, ಕಂಪ್ಯೂಟರುಗಳ ಜೊತೆ ಸೈಬರ್‌ಪಂಕ್ (ಹ್ಯಾಕರುಗಳಿರುವ ಭವಿಷ್ಯದ ಕಥೆ) ಆಟದ ಹಸ್ತಪ್ರತಿಯನ್ನೂ ಹೊತ್ತೊಯ್ದರು. ಕಂಪನಿ ಮೇಲೆ ಯಾವ ಕೇಸೂ ಇರಲಿಲ್ಲ. ಜಾಕ್ಸನ್ ನಡೆದದ್ದನ್ನು ನಡೆದ ಹಾಗೆ ಹೇಳುತ್ತಾ ಹೋದರು. ಪುಸ್ತಕ ಬಂದಾಗ ಇದು ಸೀಕ್ರೆಟ್ ಸರ್ವಿಸ್ ವಶಪಡಿಸಿಕೊಂಡ ಪುಸ್ತಕ ಅಂತ ಮುಖಪುಟದಲ್ಲೇ ಹಾಕಿದರು! ಕೋರ್ಟಿಗೆ ಹೋಗಿ 1993ರಲ್ಲಿ ಗೆದ್ದರು. ಆದರೆ ಅಷ್ಟರಲ್ಲಿ ಸುಮಾರು ಅರ್ಧ ಸಿಬ್ಬಂದಿಯನ್ನು ಮನೆಗೆ ಕಳಿಸಬೇಕಾಗಿತ್ತು. ನೆಲ ಗಟ್ಟಿ ಇದ್ದಾಗಲೂ ಇಷ್ಟು ಖರ್ಚಾಗುತ್ತದೆ. ನಿಮ್ಮ ವಿಷಯದಲ್ಲಿ ನೆಲ ಗಟ್ಟಿ ಇಲ್ಲ ಅಂತ ನಿಮಗೂ ಗೊತ್ತು, ಅಲ್ವಾ?

ಹೇಳಿಕೆ ಹಾಕುವ ಮೊದಲು ಒಬ್ಬ ವಕೀಲರಿಗೆ ತೋರಿಸಿ. ಬೇಕಂತಲೇ ದುರುದ್ದೇಶದಿಂದ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆ ಭಾರತೀಯ ನ್ಯಾಯ ಸಂಹಿತೆಯ 299ನೇ ಕಲಂ ಇದೆ, ಮೂರು ವರ್ಷದವರೆಗೆ ಶಿಕ್ಷೆ. ಉದ್ದೇಶದ ಬಗ್ಗೆ ನೀವು ಬರೆಯುವ ಒಂದೊಂದು ಸಾಲೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ‘ಯಾರಿಗಾದರೂ ನೋವಾಗಿದ್ದರೆ’ ಅಂತ ಮಾತ್ರ ಬರೆಯಬೇಡಿ. ಯಾರಿಗೆ ನೋವಾಗಿದೆ ಅಂತ ಅವರೇ ಹೆಸರು ಹಾಕಿ ಹೇಳಿದ್ದಾರಲ್ಲ.

ಕಾಮೆಂಟುಗಳಿಗೆ ಒಂದೊಂದಾಗಿ ಉತ್ತರ ಕೊಡಲು ಹೋಗಬೇಡಿ. ಆದರೆ ಕರಾವಳಿಯಿಂದ ಯಾರಾದರೂ ಹೆಸರು, ಫೋನ್ ನಂಬರ್ ಕೊಟ್ಟು ಬರೆದಿದ್ದರೆ ಫೋನ್ ಮಾಡಿ, ವಾದ ಮಾಡದೆ ಕೇಳಿಸಿಕೊಳ್ಳಿ.

ಇನ್ನು ಚಿತ್ರ ಬರೆದ ಹುಡುಗ. ಜನ ಈಗಾಗಲೇ ಅವನ ಪೇಜ್ ಹುಡುಕಿ ಬೈಯುತ್ತಿದ್ದಾರೆ ಅಂದಿರಿ. ಏನು ಬರೆಯಬೇಕು ಅಂತ ಹೇಳಿಕೊಟ್ಟವರು ನೀವು, ಒಪ್ಪಿದವರೂ ನೀವು. ಹೇಳಿಕೆಯ ಮೊದಲ ಪ್ಯಾರಾದಲ್ಲೇ ಅದು ಇರಲಿ. ಚಿತ್ರ ತೆಗೆದರೂ ಅವನಿಗೆ ಬರಬೇಕಾದ ದುಡ್ಡನ್ನು ಈ ವಾರವೇ ಪೂರ್ತಿ ಕೊಟ್ಟುಬಿಡಿ.